ಮಕ್ಕಳ ಹೆಸರಿನ ಪಕ್ಕದಲ್ಲಿ ಸಮಯವನ್ನೂ ಮುದ್ರಿಸಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯಿತೆಂದರೆ ಹಾಸನ ಜಿಲ್ಲೆಯ ನಮ್ಮಂಥ ಓದುಗರು ಬೆಳಿಗ್ಗೆ ಪತ್ರಿಕೆ ಬಿಡಿಸಿದ ಕೂಡಲೇ ಹುಡುಕುವುದು ಗೊರೂರಿನ ಹೇಮಾವತಿ ಜಲಾಶಯದ ನೀರಿನ ಮಟ್ಟವನ್ನು. ಗರಿಷ್ಠ ಮಟ್ಟ 2,922 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು ಎಂದು ತಾವು ಒಂದು ದಿನವೂ ತಪ್ಪದೆ ಕೊಡುತ್ತೀರಿ. ಸಕಲೇಶಪುರದ ಮಳೆ ಮಿಲಿಮೀಟರ್ ಲೆಕ್ಕದಲ್ಲಿರುತ್ತದೆ. ಕಾಫಿ ಮತ್ತು ಕಾಳುಮೆಣಸಿನ ಧಾರಣೆ ರೂಪಾಯಿ ಲೆಕ್ಕದಲ್ಲಿರುತ್ತದೆ. ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಅದೇ ಪುಟದ ಕೆಳಭಾಗದಲ್ಲಿ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟದ ಫಲಿತಾಂಶವೂ ಬರುತ್ತದೆ. ಅಲ್ಲಿ ಮಾತ್ರ ಪ್ರಥಮ, ದ್ವಿತೀಯ, ತೃತೀಯ ಎಂಬ ಮೂರು ಪದ ಮತ್ತು ಮೂರು ಹೆಸರು ಬಿಟ್ಟರೆ ಬೇರೇನೂ ಇರುವುದಿಲ್ಲ. ಓಡಿದ ಹುಡುಗಿ ಎಷ್ಟು ಹೊತ್ತಿನಲ್ಲಿ ಓಡಿದಳು, ಜಿಗಿದ ಹುಡುಗ ಎಷ್ಟು ದೂರ ಜಿಗಿದ ಎಂಬುದು ಆ ಮೈದಾನದಲ್ಲೇ ಮಣ್ಣುಪಾಲಾಗಿರುತ್ತದೆ.

ನಾನು ಈ ಪತ್ರ ಬರೆಯುತ್ತಿರುವುದು ಆ ಒಂದು ಅಂಕಿಗಾಗಿ. ಇದು ಸಣ್ಣ ವಿಷಯವೆಂದು ಕಾಣಬಹುದು. ಆದರೆ ಸರ್ಕಾರಿ ಪ್ರೌಢಶಾಲೆಗಳಲ್ಲಿ 29 ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿ ದುಡಿದು ನಿವೃತ್ತನಾದ ನನಗೆ, ಮಗುವೊಂದು ಶ್ರಮದ ಬೆಲೆಯನ್ನು ಕಲಿಯುವುದೂ, ಕಲಿತದ್ದನ್ನು ಕಳೆದುಕೊಳ್ಳುವುದೂ ಬಹುಮಟ್ಟಿಗೆ ಈ ಅಂಕಿಯ ಮೇಲೆ ನಿಂತಿದೆ ಎಂಬುದು ಒಬ್ಬ ವಿದ್ಯಾರ್ಥಿನಿಯಿಂದ ಮನವರಿಕೆಯಾಗಿದೆ. ಆಕೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಆಕೆ ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ಹೆಸರು, ಊರು ಇಲ್ಲಿ ಬೇಡ. ಮಲೆನಾಡಿನ ಸೆರಗಿನಲ್ಲಿರುವ ಒಂದು ಸಣ್ಣ ಊರಿನಿಂದ ದಿನವೂ ಮೂರು ಕಿಲೋಮೀಟರ್ ನಡೆದು ಶಾಲೆಗೆ ಬರುತ್ತಿದ್ದಳು ಎಂದರೆ ಸಾಕು. ತಂದೆಗೆ ಒಂದೂವರೆ ಎಕರೆ ಹೊಲ, ಮುಂಗಾರಿಗೆ ಆಲೂಗೆಡ್ಡೆ, ನಂತರ ರಾಗಿ. ತಾಯಿ ಕಾಫಿ ತೋಟದ ಕೂಲಿಗೆ ಹೋಗುತ್ತಿದ್ದರು. ಹುಡುಗಿಗೆ ಕಾಲಿನಲ್ಲಿ ಚುರುಕಿತ್ತು, ಎದೆಯಲ್ಲಿ ಹಟವಿತ್ತು. ತಯಾರಿ ಎನ್ನುವುದು ನಮ್ಮ ಬಹುತೇಕ ಶಾಲೆಗಳಲ್ಲಿ ಇರುವಷ್ಟೇ ಇತ್ತು, ಅಂದರೆ ಕ್ರೀಡಾಕೂಟದ ಸುತ್ತೋಲೆ ಬಂದ ಮೇಲೆ ಹತ್ತು ದಿನ ಸಂಜೆ ಹೊತ್ತು ಮೈದಾನ ಸುತ್ತಿಸಿದ್ದು. ಹೋಬಳಿ ಮಟ್ಟದಲ್ಲಿ ಗೆದ್ದು ತಾಲ್ಲೂಕು ಮಟ್ಟಕ್ಕೆ ಬಂದಳು.

ತಾಲ್ಲೂಕು ಮೈದಾನದಲ್ಲಿ ಸುಣ್ಣದ ಗೆರೆ ಎಳೆದ 200 ಮೀಟರ್ ಸುತ್ತಿನ ಟ್ರ್ಯಾಕ್. 1500 ಮೀಟರ್ ಎಂದರೆ ಏಳೂವರೆ ಸುತ್ತು. ಓಟ ಶುರುಮಾಡಲು ಬಡಿಯುವ ಜೋಡಿ ಹಲಗೆಯ ಕ್ಲಾಪರ್ ಸದ್ದಾದದ್ದೇ ತಡ, ಆಕೆ ನೂರು ಮೀಟರ್ ಓಟಕ್ಕೆ ನಿಂತವಳಂತೆ ಹಾರಿದಳು. ಮೊದಲ ಎರಡು ಸುತ್ತನ್ನು 1 ನಿಮಿಷ 18 ಸೆಕೆಂಡಿನಲ್ಲಿ ಮುಗಿಸಿದಾಗ ಉಳಿದವರು ಎಲ್ಲೋ ಹಿಂದಿದ್ದರು, ನಮ್ಮ ಶಾಲೆಯ ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಮುಂದಿನ ಎರಡು ಸುತ್ತಿಗೆ 1 ನಿಮಿಷ 36 ಸೆಕೆಂಡು ಹಿಡಿಯಿತು, ಅದರ ಮುಂದಿನ ಎರಡಕ್ಕೆ 1 ನಿಮಿಷ 48 ಸೆಕೆಂಡು. ಹೆಗಲು ಕಿವಿಯವರೆಗೆ ಏರಿತ್ತು, ಬಾಯಿ ತೆರೆದಿತ್ತು. ಕೊನೆಯ ಒಂದೂವರೆ ಸುತ್ತಿಗೆ 1 ನಿಮಿಷ 22 ಸೆಕೆಂಡು ಬೇಕಾಯಿತು. ಅಷ್ಟರಲ್ಲಿ ಇಬ್ಬರು ಆಕೆಯನ್ನು ದಾಟಿಹೋಗಿದ್ದರು. ಮೂರನೆಯವಳಾಗಿ ಗೆರೆ ದಾಟಿ, ಪಕ್ಕದ ಹುಲ್ಲಿನ ಮೇಲೆ ಕುಸಿದು ಬೆಳಗಿನ ತಿಂಡಿಯನ್ನೆಲ್ಲ ಕಾರಿಕೊಂಡಳು. ನನ್ನ ಸ್ಟಾಪ್‌ವಾಚ್ ತೋರಿಸಿದ್ದು 6 ನಿಮಿಷ 4 ಸೆಕೆಂಡು. ಗೆದ್ದ ಹುಡುಗಿಯದು 5 ನಿಮಿಷ 49 ಸೆಕೆಂಡು. ಈ ಲೆಕ್ಕ ಇದ್ದದ್ದು ನನ್ನ ಜೇಬಿನ ಚೀಟಿಯಲ್ಲಿ ಮಾತ್ರ. ಅಧಿಕೃತ ಫಲಿತಾಂಶದ ಹಾಳೆಯಲ್ಲಿ ಸಮಯ ಬರೆಯುವ ಕಾಲಂ ಖಾಲಿಯೇ ಇತ್ತು.

ಎರಡು ದಿನಗಳ ನಂತರ ಒಂದು ದಿನಪತ್ರಿಕೆಯಲ್ಲಿ ಆಕೆಯ ಹೆಸರು ತೃತೀಯ ಸ್ಥಾನದಲ್ಲಿ ಬಂತು. ತಂದೆ ಆ ಚೂರನ್ನು ಬ್ಲೇಡಿನಿಂದ ಕತ್ತರಿಸಿ, ಅನ್ನದ ಅಗುಳಿನಿಂದ ಬಾಗಿಲ ಹಿಂದಿನ ಗೋಡೆಗೆ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದ್ದರು. ಆ ಮನೆಯಿಂದ ಯಾರ ಹೆಸರೂ ಅದಕ್ಕೆ ಮೊದಲು ಅಚ್ಚಿನಲ್ಲಿ ಬಂದಿರಲಿಲ್ಲ.

ಮರುವಾರ ಹುಡುಗಿ ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತು, "ಸಾರ್, ಮುಂದಿನ ವರ್ಷ ವಾಂತಿ ಮಾಡ್ಕೊಳ್ದಂಗೆ ಓಡ್ಬೇಕು, ಏನ್ ಮಾಡ್ಬೇಕು?" ಎಂದು ಕೇಳಿದಳು. ಗೆಲ್ಲಬೇಕು ಎಂದು ಕೇಳಲಿಲ್ಲ. ಜೇಬಿನ ಚೀಟಿಯನ್ನು ಬಿಡಿಸಿ 1:18, 1:36, 1:48 ಎಂಬ ಅಂಕಿಗಳನ್ನು ತೋರಿಸಿದೆ. ಗಣಿತದಲ್ಲಿ ಸಾಧಾರಣ ವಿದ್ಯಾರ್ಥಿನಿಯಾಗಿದ್ದ ಆಕೆ ಆ ಮೂರು ಅಂಕಿಗಳನ್ನು ಬಹಳ ಹೊತ್ತು ನೋಡಿದಳು. ಅತಿ ವೇಗವಾಗಿ ಹೊರಟರೆ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕ ಒದಗುವುದಿಲ್ಲ, ಆಗ ದೇಹ ಸಾಲದ ಮೇಲೆ ಓಡುತ್ತದೆ, ಆ ಸಾಲವನ್ನು ಮುಂದಿನ ಸುತ್ತುಗಳಲ್ಲಿ ಬಡ್ಡಿಸಮೇತ ತೀರಿಸಬೇಕಾಗುತ್ತದೆ ಎಂದು ವಿವರಿಸಿದೆ. ಸಾಲ, ಬಡ್ಡಿ ಎಂಬ ಮಾತು ಆ ಮನೆಯ ಮಗುವಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂದೇ ಒಂದು ನೂರು ಪುಟದ ನೋಟ್‌ಬುಕ್ ತಂದು ಆ ಮೂರು ಅಂಕಿಗಳನ್ನು ಮೊದಲ ಪುಟದಲ್ಲಿ ಬರೆದುಕೊಂಡಳು.

ದಸರಾ ರಜೆ ಮುಗಿದ ಮೇಲೆ ಬೆಳಗಿನ ಓಟ ಶುರುವಾಯಿತು. ಮೊದಲ ಎರಡು ತಿಂಗಳು ನಿಧಾನದ ಓಟ ಮಾತ್ರ, 20 ನಿಮಿಷದಿಂದ ಆರಂಭಿಸಿ 40 ನಿಮಿಷದವರೆಗೆ. ಓಡುವಾಗ ಮಾತನಾಡಲು ಸಾಧ್ಯವಾಗಬೇಕು ಎಂಬುದು ನಿಯಮ. ಹಾಗಾಗಿ ಮಂಜಿನಲ್ಲಿ ಓಡುತ್ತಲೇ ಆಕೆ ಹದಿಮೂರರ ಮಗ್ಗಿ ಹೇಳಬೇಕಿತ್ತು. ಮಗ್ಗಿಯ ನಡುವೆ ಉಸಿರು ತುಂಡಾದರೆ ವೇಗ ಹೆಚ್ಚಾಗಿದೆ ಎಂದರ್ಥ. ನಿಧಾನವಾಗಿ ಓಡುವುದೇ ಆಕೆಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. "ಇದು ಓಟಾನೇ ಅಲ್ಲ ಸಾರ್" ಎಂದು ಕಣ್ಣಲ್ಲಿ ನೀರು ತಂದುಕೊಂಡದ್ದೂ ಉಂಟು. ಹೃದಯಕ್ಕೂ ಶ್ವಾಸಕೋಶಕ್ಕೂ ಬುನಾದಿ ಬೀಳುವುದು ಇಂಥ ಓಟದಿಂದಲೇ ಎಂಬುದನ್ನು ಹದಿನಾಲ್ಕು ವರ್ಷದ ಮಗು ನಂಬುವುದು ಸುಲಭವಲ್ಲ, ಏಕೆಂದರೆ ಬುನಾದಿ ಕಣ್ಣಿಗೆ ಕಾಣುವುದಿಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರ ಕಾಣುತ್ತಿತ್ತು: ಶಾಲೆಯ ಗೇಟಿನಿಂದ ಕೆರೆ ಏರಿಯ ತುದಿಯವರೆಗಿನ ಅದೇ ದಾರಿ, ಅದೇ ಮಗ್ಗಿ, ಆದರೆ ನವೆಂಬರಿನಲ್ಲಿ 14 ನಿಮಿಷ ಹಿಡಿದದ್ದು ಡಿಸೆಂಬರ್ ಕೊನೆಗೆ 12 ನಿಮಿಷ ಆಗಿತ್ತು.

ಜನವರಿಯಲ್ಲಿ ನಾನೊಂದು ತಪ್ಪು ಮಾಡಿದೆ. ಆಕೆಯ ಉತ್ಸಾಹ ಕಂಡು ವಾರದ ಏಳೂ ದಿನ, ಅದೂ ಡಾಂಬರು ರಸ್ತೆಯ ಮೇಲೆ ಓಡಿಸಿದೆ. ಉಸಿರು ಹಿಗ್ಗಿದಷ್ಟು ಬೇಗ ಮೂಳೆ, ಸ್ನಾಯುರಜ್ಜುಗಳು ಗಟ್ಟಿಯಾಗುವುದಿಲ್ಲ ಎಂಬುದು ತಿಳಿದಿದ್ದೂ ಮರೆತೆ. ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆ ಮುಟ್ಟಿದರೆ ಆಕೆ ಚೀರುವಂತಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮೂರು ವಾರ ಓಟ ಬೇಡವೆಂದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಇರುವುದೂ ಗೊತ್ತಾಯಿತು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಎಷ್ಟೋ ಮಕ್ಕಳಂತೆ ಆಕೆಯೂ ಕಿಟಕಿಯಾಚೆ ಎಸೆಯುತ್ತಿದ್ದಳಂತೆ. ವೈದ್ಯರು ಬರೆದುಕೊಟ್ಟ ಔಷಧದ ಜೊತೆಗೆ ಆ ದಿನದಿಂದ ಅದನ್ನೂ ನುಂಗಿದಳು. ಆ ಮೂರು ವಾರ ನೋಟ್‌ಬುಕ್ಕಿನ ಪ್ರತಿ ಸಾಲಿನಲ್ಲೂ ತಾರೀಕು ಬರೆದು, ಮುಂದೆ "ವಿಶ್ರಾಂತಿ" ಎಂದು ಬರೆಯಿಸಿದೆ. ಸುಮ್ಮನಿರುವುದೂ ಕೆಲಸದ ಭಾಗವೇ ಎಂದು ಆಕೆಗೆ ಹೇಳುವಾಗ ಅದನ್ನು ನನಗೂ ಹೇಳಿಕೊಂಡೆ. ಮುಂದೆ ವಾರಕ್ಕೆ ಐದೇ ದಿನ, ಅದೂ ಮಣ್ಣಿನ ದಾರಿಯಲ್ಲಿ ಮಾತ್ರ.

ಇಲ್ಲಿ ಒಂದು ಮಾತು ಸೇರಿಸಬೇಕು. ಶ್ರಮಪಡು, ಬೆವರು ಸುರಿಸು ಎಂದು ವೇದಿಕೆಗಳ ಮೇಲೆ ನಾವು ಹಳ್ಳಿಯ ಮಕ್ಕಳಿಗೆ ಉಪದೇಶ ಮಾಡುವುದುಂಟು. ಶಾಲೆ ಬಿಟ್ಟ ಮೇಲೆ ಬಾಗಿ ಆಲೂಗೆಡ್ಡೆ ಆರಿಸುವ, ರಜೆಯಲ್ಲಿ ತಾಯಿಯ ಜೊತೆ ಕಾಫಿ ಹಣ್ಣು ಕುಯ್ಯುವ ಮಗುವಿಗೆ ಬೆವರಿನ ಪಾಠ ನಾವು ಹೇಳಬೇಕಾಗಿಲ್ಲ. ಆಕೆಗೆ ಗೊತ್ತಿರದಿದ್ದದ್ದು ಬೇರೆ. ಹೊಲದ ದುಡಿಮೆಯಲ್ಲಿ ದಿನದ ಕೊನೆಗೆ ಮೂಟೆಗಳನ್ನು ಎಣಿಸಬಹುದು. ಓಟದ ದುಡಿಮೆಯಲ್ಲಿ ಅಂಥ ಮೂಟೆ ಇಲ್ಲ. ಇಂದು ಪಟ್ಟ ಶ್ರಮ ಎಂಟು ತಿಂಗಳ ನಂತರ ಎಲ್ಲಿಂದಲೋ ಬಂದು ಕಾಲಿಗೆ ಸೇರಿಕೊಳ್ಳುತ್ತದೆ. ನಡುವಿನ ಅಷ್ಟೂ ಕಾಲ ಮಗುವಿನ ನಂಬಿಕೆಯನ್ನು ಹಿಡಿದು ನಿಲ್ಲಿಸಲು ಏನಾದರೂ ಬೇಕು. ಈಕೆಯ ಪಾಲಿಗೆ ಅದು ನೋಟ್‌ಬುಕ್ಕಿನ ಅಂಕಿಗಳು.

ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ವೇಗದ ಅಭ್ಯಾಸಕ್ಕೆ ಬಂದೆವು. 200 ಮೀಟರ್ ಅನ್ನು 45 ಸೆಕೆಂಡಿನಲ್ಲಿ ಓಡಿ, ಒಂದು ಸುತ್ತು ನಡೆದು, ಮತ್ತೆ 45 ಸೆಕೆಂಡಿನಲ್ಲಿ ಓಡಬೇಕು. ಹೀಗೆ ಎಂಟು ಸಲ. ಮೊದಲ ದಿನ ಆಕೆ ಓಡಿದ್ದು 36, 41, 49, 55. ಐದನೆಯದಕ್ಕೆ ಕಾಲೇ ಏಳಲಿಲ್ಲ. ಮೊದಲನೆಯದನ್ನು 36ರಲ್ಲಿ ಓಡಬಲ್ಲವಳಿಗೆ 45ಕ್ಕೆ ತಡೆದು ನಿಲ್ಲುವುದು ಅವಮಾನದಂತೆ ಕಂಡಿತ್ತು. ಮಳೆ ಸುರಿಯುತ್ತಿದ್ದ ದಿನಗಳಲ್ಲಿ ಮೈದಾನ ಕೆಸರಾದಾಗ ಶಾಲೆಯ ಜಗುಲಿಯ ಉದ್ದಕ್ಕೂ ಹೆಜ್ಜೆಯ ಲಯವನ್ನಷ್ಟೇ ಅಭ್ಯಾಸ ಮಾಡಿದೆವು. ಜುಲೈ ಕೊನೆಯ ಒಂದು ಬೆಳಿಗ್ಗೆ ಆಕೆ ಬರೆದ ಪುಟ ಈಗಲೂ ನನ್ನ ಕಣ್ಣ ಮುಂದಿದೆ: 45, 45, 46, 45, 44, 45, 46, 45. ಬರೆದು ಮುಗಿಸಿ, ಪೆನ್ಸಿಲಿನಿಂದ ಅದರ ಸುತ್ತ ಒಂದು ಚೌಕ ಹಾಕಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಪದಕವೇನೂ ಇರಲಿಲ್ಲ. ಆದರೂ ಆ ದಿನ ಆಕೆಯ ಮುಖದಲ್ಲಿ ಇದ್ದ ನೆಮ್ಮದಿಯನ್ನು ನನ್ನ ಇಡೀ ಸೇವಾವಧಿಯಲ್ಲಿ ನಾನು ಬಹಳ ಕಡಿಮೆ ಮಕ್ಕಳಲ್ಲಿ ಕಂಡಿದ್ದೇನೆ.

ಆ ವರ್ಷದ ತಾಲ್ಲೂಕು ಕೂಟದಲ್ಲಿ 14 ಮಂದಿ ಓಡಿದರು. ಮೊದಲ ಎರಡು ಸುತ್ತಿನ ಕೊನೆಗೆ ಆಕೆ ಎಂಟನೆಯವಳು. ನಮ್ಮವರೆಲ್ಲ "ಓಡೇ, ಓಡೇ" ಎಂದು ಕೂಗುತ್ತಿದ್ದರು, ಆಕೆ ಕತ್ತು ತಿರುಗಿಸಲಿಲ್ಲ. 1 ನಿಮಿಷ 30, ನಂತರ 1 ನಿಮಿಷ 32, ನಂತರ 1 ನಿಮಿಷ 33. ಒಬ್ಬೊಬ್ಬರಾಗಿ ನಾಲ್ವರು ಹಿಂದೆ ಬಿದ್ದರು. ಕೊನೆಯ ಒಂದೂವರೆ ಸುತ್ತು 1 ನಿಮಿಷ 5 ಸೆಕೆಂಡು. ಒಟ್ಟು 5 ನಿಮಿಷ 40 ಸೆಕೆಂಡು, ಹಿಂದಿನ ವರ್ಷಕ್ಕಿಂತ 24 ಸೆಕೆಂಡು ಕಡಿಮೆ. ಹಿಂದಿನ ವರ್ಷದ ಅವಳು ಈ ವರ್ಷದ ಅವಳ ಜೊತೆಯಲ್ಲೇ ಓಡಿದ್ದರೆ, ಈಕೆ ಗೆರೆ ದಾಟಿದ ಗಳಿಗೆಯಲ್ಲಿ ಆಕೆ ಇನ್ನೂ ಸುಮಾರು 90 ಮೀಟರ್ ಹಿಂದಿರುತ್ತಿದ್ದಳು. ಈ ಸಮಯಕ್ಕೆ ಹಿಂದಿನ ವರ್ಷವಾಗಿದ್ದರೆ ಪ್ರಥಮ ಸ್ಥಾನ. ಆದರೆ ಈ ವರ್ಷ ವರ್ಷವಿಡೀ ತರಬೇತಿ ಪಡೆದ ಮೂವರು ಹುಡುಗಿಯರು ಬಂದಿದ್ದರು. ನಮ್ಮ ಹುಡುಗಿ ನಾಲ್ಕನೆಯವಳಾದಳು.

ಗೆರೆ ದಾಟಿ ನೇರವಾಗಿ ನನ್ನ ಬಳಿ ನಡೆದುಬಂದಳು, ಕುಸಿಯಲಿಲ್ಲ. ಎಷ್ಟನೆಯವಳಾದೆ ಎಂದು ಕೇಳಲಿಲ್ಲ. "ಎಷ್ಟಾಯ್ತು ಸಾರ್?" ಎಂದು ಕೇಳಿದಳು. ಸ್ಟಾಪ್‌ವಾಚನ್ನೇ ಆಕೆಯ ಕೈಗೆ ಕೊಟ್ಟೆ.

ಮರುದಿನದ ಪತ್ರಿಕೆಯಲ್ಲಿ ಪ್ರಥಮ, ದ್ವಿತೀಯ, ತೃತೀಯ ಇದ್ದವು. ಸಮಯ ಇರಲಿಲ್ಲ, ಆಕೆಯ ಹೆಸರಂತೂ ಇರಲಿಲ್ಲ. ವಾರದ ನಂತರ ಮಗಳನ್ನು ಇನ್ನು ಓಟಕ್ಕೆ ಕಳಿಸುವುದಿಲ್ಲ ಎಂದು ತಂದೆ ಹೇಳಿಕಳಿಸಿದಾಗ ನಾನು ಮನೆಗೆ ಹೋದೆ. ಅವರು ಒರಟು ಮನುಷ್ಯರಲ್ಲ. ಬರಮಾಡಿಕೊಂಡು, ಕಾಫಿ ಕೊಟ್ಟು, ಬಾಗಿಲ ಹಿಂದಿನ ಗೋಡೆಯನ್ನು ತೋರಿಸಿದರು. "ಹೋದ ವರ್ಷ ಹತ್ತು ದಿನ ಓಡಿ ಮೂರನೇ ಸ್ಥಾನ ಬಂದ್ಲು, ಪೇಪರ್‌ನಲ್ಲಿ ಹೆಸರು ಬಂತು. ಈ ವರ್ಷ ವರ್ಷಪೂರ್ತಿ ಓಡಿ ನಾಲ್ಕಕ್ಕೆ ಬಿದ್ಲು. ಹತ್ತನೇ ಕ್ಲಾಸು ಬೇರೆ. ಸಾಕು ಬಿಡಿ ಸಾರ್" ಎಂದರು. ನಾನು ನೋಟ್‌ಬುಕ್ ತೆರೆದು ತೋರಿಸಿದೆ, 24 ಸೆಕೆಂಡಿನ ಲೆಕ್ಕ ಹೇಳಿದೆ. ಅವರು ಗೌರವದಿಂದಲೇ ಕೇಳಿಸಿಕೊಂಡರು. ಆದರೆ ಮಗಳೂ ಮೇಷ್ಟ್ರೂ ಪೆನ್ಸಿಲಿನಲ್ಲಿ ಬರೆದುಕೊಂಡ ಅಂಕಿಗೂ, ಗೋಡೆಯ ಮೇಲಿನ ಅಚ್ಚಿನ ಅಕ್ಷರಕ್ಕೂ ಸಮನಾದ ತೂಕ ಇರಲಿಲ್ಲ. ಅವರ ಲೆಕ್ಕ ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಲೋಕ ಅವರಿಗೆ ಕೊಟ್ಟಿದ್ದ ಅಂಕಿಗಳು ಎರಡೇ, ಮೂರು ಮತ್ತು ನಾಲ್ಕು. ಆ ಎರಡನ್ನೇ ಹೋಲಿಸಿದರೆ ಶ್ರಮಪಟ್ಟದ್ದರಿಂದ ಮಗಳು ಕೆಳಗಿಳಿದಳು ಎಂದೇ ಅರ್ಥವಾಗುತ್ತದೆ. ಆಕೆಯ ಓಟ ಆ ಸೆಪ್ಟೆಂಬರಿಗೆ ನಿಂತುಹೋಯಿತು.

ಸ್ಥಾನ ಎಂಬುದು ಆ ದಿನ ಇನ್ನಾರು ಬಂದಿದ್ದರು ಎಂಬುದರ ಮೇಲೆ ನಿಂತಿರುತ್ತದೆ. ಸಮಯ ಓಡಿದವರದೇ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರು ಪಡೆದದ್ದು ನಾಲ್ಕನೆಯ ಸ್ಥಾನ. ಅವರ ಸಮಯ 55.42 ಸೆಕೆಂಡು, ಕಂಚು ಗೆದ್ದವರದು 55.41. ಸೆಕೆಂಡಿನ ನೂರನೆಯ ಒಂದು ಭಾಗ ಎಂಬ ಆ ಅಂತರವನ್ನು ನಮ್ಮ ತಲೆಮಾರಿನವರು ಇಂದಿಗೂ ಮರೆತಿಲ್ಲ. ಆ ದಿನ ಮೊದಲ ಮೂರು ಹೆಸರನ್ನಷ್ಟೇ ಮುದ್ರಿಸಿ ಬಿಟ್ಟಿದ್ದರೆ ಈ ದೇಶದ ಲಕ್ಷಾಂತರ ಹೆಣ್ಣುಮಕ್ಕಳಿಗೆ ಉಷಾ ಎಂಬ ಹೆಸರು ಆ ಬಗೆಯಲ್ಲಿ ತಲುಪುತ್ತಲೇ ಇರಲಿಲ್ಲ.

ಕ್ರಿಕೆಟ್‌ನಲ್ಲಿ ನಾವು ಈ ತಪ್ಪು ಮಾಡುವುದಿಲ್ಲ. ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕಿನ ಊರು; ಆ ಊರನ್ನು ಹೆಸರಿನಲ್ಲಿ ಹೊತ್ತ ಶ್ರೀನಾಥ್ ಅವರು 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಪಡೆದರೆಂದು ಜಿಲ್ಲೆಯ ಎಷ್ಟೋ ಹುಡುಗರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲರು. ಪಕ್ಕದ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಗಳಲ್ಲಿ 70 ರನ್ ಹೊಡೆದದ್ದು ಅಂಕಿಯಾಗಿಯೇ ನಮ್ಮ ನೆನಪಿನಲ್ಲಿ ಉಳಿದಿದೆ. ಸೋತ ತಂಡದ ಹನ್ನೊಂದನೆಯ ಆಟಗಾರ ಎರಡು ರನ್ ಹೊಡೆದರೂ ಸ್ಕೋರು ಪಟ್ಟಿಯಲ್ಲಿ ಅದು ಇರುತ್ತದೆ. ಹೀಗಾಗಿ ಕ್ರಿಕೆಟ್ ಆಡುವ ಹುಡುಗನಿಗೆ ತಾನು ಹೋದ ವರ್ಷಕ್ಕಿಂತ ಎಷ್ಟು ಬೆಳೆದೆ ಎಂಬುದು ತಂಡ ಸೋತಾಗಲೂ ತಿಳಿಯುತ್ತದೆ. ಒಬ್ಬಂಟಿಯಾಗಿ ಓಡುವ, ಎಸೆಯುವ, ಜಿಗಿಯುವ ಮಕ್ಕಳಿಗೆ ಅದು ತಿಳಿಯುವುದಿಲ್ಲ. ಅಳತೆಯ ಮೇಲೇ ನಿಂತಿರುವ ಕ್ರೀಡೆಯಲ್ಲಿ ಅಳತೆಯನ್ನೇ ಬಿಟ್ಟುಬಿಟ್ಟಿದ್ದೇವೆ.

ಇದೇ 1500 ಮೀಟರ್ ಓಟದಲ್ಲಿ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರ ಹೆಸರನ್ನು ಇಲ್ಲಿ ಸ್ಮರಿಸದೆ ಇರಲಾರೆ. 2018ರಲ್ಲಿ ಜಕಾರ್ತದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಅವರು, 2023ರಲ್ಲಿ ಹಾಂಗ್‌ಝೌನಲ್ಲಿ ಮತ್ತೆ ಚಿನ್ನ ಗೆದ್ದು, 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಓಡಿದರು. ಅವರು ಓಡುವ, ಕಣ್ಣು ಕಾಣದ ಅಥವಾ ತೀರಾ ಮಂದವಾಗಿ ಕಾಣುವವರ ಟಿ-11 ವಿಭಾಗದಲ್ಲಿ ಎಲ್ಲ ಓಟಗಾರರೂ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಬೇಕು. ಜೊತೆಯಲ್ಲಿ ಓಡುವ ಗೈಡ್ ಓಟಗಾರನ ಕೈಗೂ ಇವರ ಕೈಗೂ ನಡುವೆ ಒಂದು ಗೇಣು ಉದ್ದದ ಹಗ್ಗ ಇರುತ್ತದೆ, ಗೈಡ್ ಎಳೆಯುವಂತಿಲ್ಲ, ತಳ್ಳುವಂತಿಲ್ಲ, ಗೆರೆಯನ್ನು ಮೊದಲು ದಾಟುವಂತಿಲ್ಲ. ಮುಂದೆ ಯಾರಿದ್ದಾರೆ, ಹಿಂದೆ ಯಾರಿದ್ದಾರೆ ಎಂಬುದು ಕಾಣದ ಆ ಓಟದಲ್ಲಿ ಅಭ್ಯಾಸದ ದಿನಗಳಲ್ಲಿ ಮೈಗೆ ಇಳಿಸಿಕೊಂಡ ವೇಗದ ಅಂದಾಜು, ಕಿವಿಗೆ ಬೀಳುವ ಸುತ್ತಿನ ಲೆಕ್ಕ ಇವೇ ಆಧಾರ. ಕಣ್ಣಿರುವ ನಮ್ಮ ಮಕ್ಕಳಿಗೂ ಆ ಒಳಗಿನ ಗಡಿಯಾರ ಬೇಕು. ಅದು ಕೂಡುವುದು ಯಾರಾದರೂ ಹೊರಗಿನ ಗಡಿಯಾರ ಹಿಡಿದು, ನೋಡಿದ್ದನ್ನು ಬರೆದುಕೊಟ್ಟಾಗ.

ತಾಲ್ಲೂಕು ಕೂಟದ ಸಮಯ ನಂಬುವಂತಿರುವುದಿಲ್ಲ, ಅದನ್ನು ಮುದ್ರಿಸಿ ಏನು ಪ್ರಯೋಜನ ಎಂದು ಸಹೋದ್ಯೋಗಿಗಳೇ ನನಗೆ ಹೇಳಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. 200 ಮೀಟರ್ ಟ್ರ್ಯಾಕಿಗೆ ನೇರ ಭಾಗ 45 ಮೀಟರ್ ಇಟ್ಟುಕೊಂಡರೆ ಅರ್ಧವೃತ್ತದ ತ್ರಿಜ್ಯ 17 ಮೀಟರ್ 30 ಸೆಂಟಿಮೀಟರ್ ಬರುತ್ತದೆ, ಓಟದ ದೂರವನ್ನು ಒಳಗಿನ ಗೆರೆಯಿಂದ 20 ಸೆಂಟಿಮೀಟರ್ ಆಚೆಗೆ ಅಳೆಯುವುದರಿಂದ. ಆ ಅರ್ಧವೃತ್ತ ಎಳೆಯಲು ಗೂಟಕ್ಕೆ ಕಟ್ಟಿದ ಹಗ್ಗ ಒಂದು ಗೇಣು ಹಿಗ್ಗಿದರೂ ಏಳೂವರೆ ಸುತ್ತಿಗೆ ಹತ್ತು ಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬೀಳುತ್ತದೆ. ಆದ್ದರಿಂದ ಹಗ್ಗದ ಬದಲು ಸ್ಟೀಲ್ ಟೇಪ್ ಬಳಸಬೇಕು. ಗಡಿಯಾರ ಒತ್ತುವವರು ಸದ್ದು ಕೇಳಿ ಒತ್ತದೆ, ಕ್ಲಾಪರ್ ಮುಚ್ಚುವುದನ್ನು ಅಥವಾ ಗನ್ನಿನ ಹೊಗೆಯನ್ನು ಕಣ್ಣಿನಿಂದ ನೋಡಿ ಒತ್ತಬೇಕು, ಏಕೆಂದರೆ 100 ಮೀಟರ್ ದೂರಕ್ಕೆ ಸದ್ದು ತಲುಪಲು ಸೆಕೆಂಡಿನ ಹತ್ತರಲ್ಲಿ ಸುಮಾರು ಮೂರು ಭಾಗ ಬೇಕು. ಮೂವರು ಸಮಯ ಹಿಡಿದರೆ ನಡುವಿನದನ್ನು ತೆಗೆದುಕೊಳ್ಳಬೇಕು. ಓಟಗಾರರ ತಲೆಯೋ ಕೈಯೋ ಅಲ್ಲ, ಮುಂಡ ಗೆರೆಗೆ ತಲುಪಿದಾಗ ನಿಲ್ಲಿಸಬೇಕು. ಇವೆಲ್ಲ ನಮ್ಮ ತರಬೇತಿಯಲ್ಲೇ ಕಲಿತ, ಖರ್ಚಿಲ್ಲದ ಕೆಲಸಗಳು. ಯಾರೂ ಕೇಳದ ಕಾರಣ ಕೈಬಿಟ್ಟಿದ್ದೇವೆ ಅಷ್ಟೆ. ಪತ್ರಿಕೆಯ ವರದಿಗಾರರು ಬಂದು "ಸಮಯ ಎಷ್ಟು?" ಎಂದು ಕೇಳುವರೆಂದು ಗೊತ್ತಾದರೆ ಖಾಲಿ ಕಾಲಂ ತಾನಾಗಿ ತುಂಬುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. 100 ಮೀಟರ್ ಓಟದಲ್ಲಿ ಕೈಯಿಂದ ಒತ್ತುವ ಗಡಿಯಾರದ ದೋಷ ದೊಡ್ಡದಾಗಿ ಕಾಣಬಹುದು. 800, 1500, 3000 ಮೀಟರ್‌ಗಳಲ್ಲಿ ಅದು ಗಣನೆಗೆ ಬಾರದಷ್ಟು ಸಣ್ಣದು. ಉದ್ದಜಿಗಿತ, ಗುಂಡು ಎಸೆತಗಳಲ್ಲಂತೂ ಸ್ಥಾನ ನಿರ್ಧರಿಸಲು ಹೇಗೂ ಟೇಪು ಹಿಡಿದಿರುತ್ತೇವೆ, ಅಳತೆ ಹಾಳೆಯಲ್ಲಿ ಇದ್ದೇ ಇರುತ್ತದೆ.

ಜಾಗದ ಮಾತೂ ಬರಬಹುದು. ಹೆಸರಿನ ಮುಂದೆ "5:40" ಎಂದು ಸೇರಿಸಲು ಮೂರು ಅಂಕಿಯ ಸ್ಥಳ ಸಾಕು. ಸಾಧ್ಯವಾದರೆ ಮೂವರ ಬದಲು ಆರು ಮಂದಿಯ ಹೆಸರು ಮತ್ತು ಸಮಯವನ್ನು ಧಾರಣೆ ಪಟ್ಟಿಯಷ್ಟೇ ಸಣ್ಣ ಅಕ್ಷರದಲ್ಲಿ ಕೊಡಿ ಎಂದು ಕೇಳುತ್ತೇನೆ. ಅತಿಥಿಗಳು ಬಲೂನು ಹಾರಿಸುವ ಚಿತ್ರ ಎರಡು ಕಾಲಂ ಬದಲು ಒಂದೂವರೆ ಕಾಲಂ ಆದರೆ ಅತಿಥಿಗಳೂ ಬೇಸರಪಡಲಾರರು. ಶಿಕ್ಷಣ ಇಲಾಖೆಯವರಲ್ಲಿ ನನ್ನ ಕೋರಿಕೆ ಇನ್ನೂ ಸರಳ: ಮಕ್ಕಳಿಗೆ ಕೊಡುವ ಪ್ರಮಾಣಪತ್ರದಲ್ಲಿ ಸ್ಥಾನದ ಜೊತೆ ಸಮಯ ಅಥವಾ ದೂರವನ್ನು ಬರೆಯಲು ಒಂದು ಗೆರೆ ಇರಲಿ, ಓಟ ಪೂರೈಸಿದ ಎಲ್ಲರಿಗೂ ಅದು ಸಿಗಲಿ. ಹಾಸನ, ಚಿಕ್ಕಮಗಳೂರಿನ ಮಕ್ಕಳು ಮೈಸೂರು ವಿಭಾಗ ಮಟ್ಟಕ್ಕೆ ಹೋದಾಗ ಕರಾವಳಿಯ ಪಳಗಿದ ಓಟಗಾರರ ಎದುರು ನಿಲ್ಲಬೇಕಾಗುತ್ತದೆ. ತಾನು ಎಷ್ಟು ಸೆಕೆಂಡು ಹಿಂದಿದ್ದೇನೆ ಎಂಬುದು ಗೊತ್ತಿದ್ದು ಹೋಗುವ ಮಗು ಒಂದು ವರ್ಷ ಮೊದಲೇ ಸಿದ್ಧತೆ ಶುರುಮಾಡಬಲ್ಲದು.

ಆ ಹುಡುಗಿಯ ತಂಗಿ ಈ ವರ್ಷ ಎಂಟನೆಯ ತರಗತಿಗೆ ಬಂದಿದ್ದಾಳೆ, 800 ಮೀಟರ್ ಓಡುತ್ತಾಳೆ. ಅಕ್ಕನ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಖಾಲಿ ಪುಟಗಳಲ್ಲಿ ಈಗ ಆಕೆ ಬರೆಯುತ್ತಿದ್ದಾಳೆ ಎಂದು ಆ ಶಾಲೆಯ ಶಿಕ್ಷಕರು ತಿಳಿಸಿದರು. ಈ ಆಗಸ್ಟ್‌ನ ತಾಲ್ಲೂಕು ಕೂಟಕ್ಕೆ ನಾನೂ, ನನ್ನಂತೆಯೇ ನಿವೃತ್ತರಾದ ಇಬ್ಬರು ಗೆಳೆಯರೂ ಮೂರು ಸ್ಟಾಪ್‌ವಾಚ್ ಮತ್ತು ಒಂದು ಸ್ಟೀಲ್ ಟೇಪಿನೊಂದಿಗೆ ಬರುತ್ತೇವೆಂದು ಸಂಘಟಕರಿಗೆ ಈಗಾಗಲೇ ಬರೆದುಕೊಟ್ಟಿದ್ದೇವೆ. ಪ್ರತಿ ಓಟದ ಕೊನೆಗೆ, ಕಡೆಯವರಾಗಿ ಬಂದವರ ಸಮಯವೂ ಸೇರಿ, ಪಟ್ಟಿಯನ್ನು ಅಂದು ಸಂಜೆಯೇ ತಮ್ಮ ವರದಿಗಾರರ ಕೈಗೆ ತಲುಪಿಸುತ್ತೇವೆ. ದಯವಿಟ್ಟು ಅದನ್ನು ಮುದ್ರಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಹಾಸನ